ನಲವತ್ತೆಂಟು ಬಾಟಲಿಗಳ ಲೆಕ್ಕ

2023ರ ಜನವರಿಯಲ್ಲಿ ಫ್ಯಾಟ್ ಟೈರ್ ಎಂಬ ಬಿಯರಿನ ಲೇಬಲ್ಲಿನಿಂದ ‘ಅಂಬರ್’ ಎಂಬ ಪದ ಬಿದ್ದುಹೋಯಿತು. ಪದದ ಜೊತೆಗೆ ಬಣ್ಣವೂ ಹೋಯಿತು. ಮೂರು ದಶಕಗಳ ಕಾಲ, ಹುಣಸೆಹಣ್ಣಿನಲ್ಲಿ ತಿಕ್ಕಿ ಬಿಸಿಲಿಗಿಟ್ಟ ತಾಮ್ರದ ಚೊಂಬಿನ ಬಣ್ಣದಲ್ಲಿದ್ದ ಬಿಯರು ತಿಳಿಹೊನ್ನಿನ ಬಣ್ಣಕ್ಕೆ ತಿರುಗಿತು. ಕಾಲ ಬದಲಾಗಿತ್ತು, ಕುಡಿಯುವವರ ನಾಲಿಗೆ ಬದಲಾಗಿತ್ತು, ತಯಾರಿಸುವವರು ಅದಕ್ಕೆ ತಕ್ಕಂತೆ ಅದನ್ನು ಹಗುರ ಮಾಡಿದರು. ಅವರ ಬಿಯರು, ಅವರ ತೀರ್ಮಾನ. ನನಗೇನೂ ತಕರಾರಿಲ್ಲ. ಆದರೆ ಹಳೆಯದು ನನಗೆ ಬೇಕಾಗಿತ್ತು. ಅಂಗಡಿಯಲ್ಲಿ ಸಿಗದ ಮೇಲೆ ಉಳಿದ ದಾರಿ ಒಂದೇ, ಮನೆಯಲ್ಲಿ ಮಾಡಿಕೊಳ್ಳುವುದು.

ಯಾಕೆ ಬೇಕಾಗಿತ್ತು ಅನ್ನುವುದನ್ನು ಮೊದಲು ಹೇಳಬೇಕು. ಇಲ್ಲದಿದ್ದರೆ ಇದು ಕೊಲರಾಡೋದಲ್ಲಿ ಕೂತ ಕನ್ನಡಿಗನೊಬ್ಬನ ಶೋಕಿಯ ಕಥೆಯಾಗಿಬಿಡುತ್ತದೆ.

ನಮ್ಮಪ್ಪ ಕುಡಿಯುತ್ತಿದ್ದರು. ತುರುವೇಕೆರೆ ಕಡೆಯ ನಮ್ಮೂರಿಗೆ ಆಗ ಸಾರಾಯಿ ಪ್ಲಾಸ್ಟಿಕ್ ಪ್ಯಾಕೆಟ್ಟಿನಲ್ಲಿ ಬರುತ್ತಿತ್ತು. ಹಲ್ಲಿನಲ್ಲಿ ಮೂಲೆ ಕಚ್ಚಿ ಹರಿದು, ಗಂಟಲಿಗೆ ಸುರಿದುಕೊಂಡು, ಖಾಲಿ ಪ್ಯಾಕೆಟ್ಟನ್ನು ಬೇಲಿಗೆಸೆದು ಬರುತ್ತಿದ್ದರು. ಅದಕ್ಕೆ ಲೋಟ ಬೇಡ, ಕೂರಲು ಜಾಗ ಬೇಡ, ಜೊತೆಗಾರರು ಬೇಡ. ಮುಖ್ಯವಾಗಿ ಅದಕ್ಕೆ ಕೊನೆ ಎಂಬುದಿರಲಿಲ್ಲ. ಕೈಯಲ್ಲಿದ್ದ ಕಾಸು ಮುಗಿದಾಗ ಮುಗಿಯುತ್ತಿತ್ತು, ಸಾಲ ಸಿಕ್ಕರೆ ಮತ್ತೆ ಶುರುವಾಗುತ್ತಿತ್ತು. 2003ರಲ್ಲಿ ಅಪ್ಪ ತೀರಿಕೊಂಡರು. ಲಿವರ್ ಹೋಗಿತ್ತು. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಆ ಸುದ್ದಿಯನ್ನು ನನಗೆ ಫೋನಿನಲ್ಲಿ ಹೇಳಿದ್ದು ಅವ್ವ. “ನಾಲ್ಕು ವರ್ಷ ಮುಂಚೆ ಮಾಡಿದ್ರೆ ಇವರ ಗಂಟೇನು ಹೋಗ್ತಿತ್ತಂತೆ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಫೋನಿಟ್ಟಳು.

ನಾನು ಅಷ್ಟುಹೊತ್ತಿಗೆ ಎಂ.ಎಸ್. ಓದಲು ಫೋರ್ಟ್ ಕಾಲಿನ್ಸ್‌ಗೆ ಬಂದು ಒಂದು ವರ್ಷವಾಗಿತ್ತು. ಹೊರಡುವಾಗ ಅವ್ವ ಆಣೆಯನ್ನೇನೂ ಮಾಡಿಸಿಕೊಳ್ಳಲಿಲ್ಲ. ಆಣೆಗಳ ಮೇಲೆ ಅವಳಿಗೆ ನಂಬಿಕೆ ಉಳಿದಿರಲಿಲ್ಲ. ಅಪ್ಪ ಮಾಡಿದ ಆಣೆಗಳನ್ನು ಎಣಿಸಿದರೆ ನಮ್ಮೂರ ದೇವರುಗಳು ಸಾಲುತ್ತಿರಲಿಲ್ಲ.

ಫೋರ್ಟ್ ಕಾಲಿನ್ಸ್‌ನ ಕಥೆಯೂ ವಿಚಿತ್ರವೇ. 1896ರಿಂದ 1969ರವರೆಗೆ ಈ ಊರಿನಲ್ಲಿ ಮದ್ಯ ಮಾರುವಂತಿರಲಿಲ್ಲ. ಅಮೆರಿಕ ಇಡೀ ದೇಶಕ್ಕೆ ಹೇರಿದ್ದ ಪಾನನಿರೋಧವನ್ನು 1933ರಲ್ಲಿ ತೆಗೆದುಹಾಕಿದ ಮೇಲೂ ಈ ಊರು ಮೂವತ್ತಾರು ವರ್ಷ ಬಿಗಿಯಾಗಿ ಕೂತಿತ್ತು. ಈಗ ನೋಡಿದರೆ ಬೀದಿಗೊಂದು ಬಿಯರ್ ತಯಾರಿಸುವ ಜಾಗ. ಊರ ಪಕ್ಕದಲ್ಲೇ ಪೂಡರ್ ನದಿ ಹರಿಯುತ್ತದೆ. ರಾಕಿ ಪರ್ವತಗಳ ಹಿಮ ಕರಗಿ ಬರುವ ನೀರು, ಬೇಳೆ ಚೆನ್ನಾಗಿ ಬೇಯುವಂಥ ಮೆದು ನೀರು. ಬಿಯರಿಗೂ ಅದೇ ಬೇಕು.

ನಮ್ಮ ಲ್ಯಾಬಿನವರು ಪ್ರತಿ ಶುಕ್ರವಾರ ಸಂಜೆ ಒಂದೆಡೆ ಸೇರುತ್ತಿದ್ದರು. ಮೊದಲ ಕೆಲವು ವಾರ ನಾನು ಕೋಕ್ ಹಿಡಿದು ಕೂತಿದ್ದೆ. ನೋಡುತ್ತಿದ್ದೆ. ಒಬ್ಬೊಬ್ಬರು ಒಂದು ಗ್ಲಾಸು ತರಿಸಿಕೊಳ್ಳುತ್ತಿದ್ದರು. ಪ್ರಯೋಗ ಕೆಟ್ಟದ್ದು, ಗೈಡ್ ಬೈದದ್ದು, ಫುಟ್‌ಬಾಲು, ಮಳೆ ಎಲ್ಲದರ ಮಾತಾಗುತ್ತಿತ್ತು. ಒಂಬತ್ತು ಗಂಟೆಗೆ ಬಿಲ್ಲನ್ನು ಹಂಚಿಕೊಂಡು, ಜಾಕೆಟ್ ಹಾಕಿಕೊಂಡು ಎದ್ದು ಮನೆಗೆ ಹೋಗುತ್ತಿದ್ದರು. ಇದು ನಿಮಗೆ ಸಾಧಾರಣ ಸಂಗತಿ ಅನ್ನಿಸಬಹುದು. ನನಗೆ ಆಗಿರಲಿಲ್ಲ. ಗ್ಲಾಸು ಖಾಲಿಯಾದ ಮೇಲೆ ಮನುಷ್ಯರು ತಾವಾಗಿ ಎದ್ದು ಹೋಗುತ್ತಾರೆ ಎಂಬುದನ್ನು ಇಪ್ಪತ್ತಮೂರನೇ ವಯಸ್ಸಿನಲ್ಲಿ ನಾನು ಮೊದಲ ಸಲ ಕಂಡೆ. ಐದನೆಯದೋ ಆರನೆಯದೋ ಶುಕ್ರವಾರ, ವಯೋಮಿಂಗ್ ಕಡೆಯಿಂದ ಬಂದಿದ್ದ ಲ್ಯಾಬಿನ ಗೆಳೆಯ ಕುಡಿಯುತ್ತಿದ್ದುದನ್ನೇ ನಾನೂ ತರಿಸಿಕೊಂಡೆ. ಅದು ಫ್ಯಾಟ್ ಟೈರ್. ಬೇಕರಿಯಲ್ಲಿ ರಸ್ಕು ಕಾಯಿಸುವ ಹೊತ್ತಿನ ಪರಿಮಳ, ನಾಲಿಗೆಯ ನಡುವೆ ತುಸು ಸಿಹಿ, ಕೊನೆಗೆ ಮೆಂತ್ಯದ ಕಾಳು ಕಚ್ಚಿದಷ್ಟು ಮಾತ್ರ ಕಹಿ. ಒಂದು ಗ್ಲಾಸು. ಒಂಬತ್ತಕ್ಕೆ ಎದ್ದೆ.

ಆ ಭಾನುವಾರವೇ ಅವ್ವನಿಗೆ ಫೋನಿನಲ್ಲಿ ಹೇಳಿದೆ, “ವಾರಕ್ಕೊಂದು ಬಿಯರ್ ಕುಡೀತೀನವ್ವ.” ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಲ್ಲಿ ಚಳಿ ಹೆಂಗೈತೆ?” ಎಂದಳು. ಆಮೇಲೆ ಹದಿನೇಳು ವರ್ಷ ಆ ಮಾತು ನಮ್ಮಿಬ್ಬರ ನಡುವೆ ಬರಲಿಲ್ಲ.

ಹಾಗಾಗಿ ನನಗೆ ಬೇಕಾಗಿದ್ದದ್ದು ಬರೀ ಬಿಯರಲ್ಲ. ಹೆದರಿಕೆಯಿಲ್ಲದೆ ನಾನು ಕಂಡ ಮೊದಲ ಕುಡಿತದ ರುಚಿ ಅದು. ಅದು ಅಂಗಡಿಯಿಂದ ಮಾಯವಾದಾಗ ಸುಮ್ಮನಿರಲು ಆಗಲಿಲ್ಲ.

ಅಮೆರಿಕದಲ್ಲಿ ಮನೆಯಲ್ಲಿ ಬಿಯರ್ ಮಾಡುವುದು ಕಾನೂನುಬದ್ಧ. ಅಧ್ಯಕ್ಷ ಜಿಮ್ಮಿ ಕಾರ್ಟರ್ 1978ರಲ್ಲಿ ಸಹಿ ಹಾಕಿದ ಕಾಯ್ದೆ ಮರುವರ್ಷ ಜಾರಿಗೆ ಬಂತು. ಮನೆಯಲ್ಲಿ ಒಬ್ಬ ವಯಸ್ಕರಿದ್ದರೆ ವರ್ಷಕ್ಕೆ 100 ಗ್ಯಾಲನ್, ಇಬ್ಬರೋ ಹೆಚ್ಚೋ ಇದ್ದರೆ 200 ಗ್ಯಾಲನ್. ಮಾರುವಂತಿಲ್ಲ. ನನ್ನ ಹೆಂಡತಿಗೆ ಬಿಯರಿನ ವಾಸನೆಯೇ ಆಗದು. ಅವಳ ಪಾಲಿನ 100 ಗ್ಯಾಲನ್ ಸರ್ಕಾರದ ಹತ್ತಿರವೇ ಇದೆ. ನಮ್ಮಲ್ಲಾದರೆ ಅಬಕಾರಿ ಲೈಸೆನ್ಸಿಲ್ಲದೆ ಇದನ್ನೆಲ್ಲ ಮಾಡುವಂತಿಲ್ಲ, ಊರಿಗೆ ಬಂದು ಯಾರೂ ಪ್ರಯತ್ನಿಸಬೇಡಿ.

ಫ್ಯಾಟ್ ಟೈರ್ ಹುಟ್ಟಿದ್ದೂ ಮನೆಯ ನೆಲಮಾಳಿಗೆಯಲ್ಲೇ. ಜೆಫ್ ಲೆಬೆಶ್ ಎಂಬ ಎಂಜಿನಿಯರ್ 1980ರ ದಶಕದ ಕೊನೆಯಲ್ಲಿ ಸೈಕಲ್ಲಿನಲ್ಲಿ ಬೆಲ್ಜಿಯಂ ಸುತ್ತಿದರು. ಅವರ ಸೈಕಲ್ಲಿನದು ಗುಡ್ಡಗಾಡಿಗೆ ಆಗುವಂಥ ದಪ್ಪ ಟೈರು. ಬಿಯರಿನ ಹೆಸರು ಬಂದದ್ದು ಅಲ್ಲಿಂದ. ಊರೂರಿನ ಬಿಯರು ಕುಡಿದು ಬಂದ ಅವರು ಫೋರ್ಟ್ ಕಾಲಿನ್ಸ್‌ನ ತಮ್ಮ ಮನೆಯಲ್ಲಿ ಆ ರುಚಿಯ ಬೆನ್ನು ಹತ್ತಿದರು. 1991ರಲ್ಲಿ ಹೆಂಡತಿ ಕಿಮ್ ಜೋರ್ಡನ್ ಜೊತೆ ಸೇರಿ ನ್ಯೂ ಬೆಲ್ಜಿಯಂ ಎಂಬ ಕಂಪನಿ ಶುರುಮಾಡಿದರು. ಹಾಲಿನ ಡೈರಿಯ ಪಾತ್ರೆಗಳಲ್ಲಿ ಬಿಯರ್ ಕುದಿಯುತ್ತಿತ್ತು, ಕಿಮ್ ತಮ್ಮ ಕಾರಿನಲ್ಲೇ ಅದನ್ನು ಅಂಗಡಿಗಳಿಗೆ ಮುಟ್ಟಿಸುತ್ತಿದ್ದರು. ಇದನ್ನು ಓದಿದಾಗ ನನಗೆ ಸಮಾಧಾನವಾಯಿತು. ನಾನು ನಕಲು ಮಾಡಲು ಹೊರಟಿದ್ದ ಬಿಯರು ತಾನೇ ಒಬ್ಬರ ನೆನಪಿನ ನಕಲು. ಯಾರೋ ಎಲ್ಲೋ ಕುಡಿದದ್ದನ್ನು ನೆನೆಸಿಕೊಂಡು ಮನೆಯಲ್ಲಿ ಮಾಡಿದ್ದು.

ಬಿಯರ್ ಮಾಡುವ ಕೆಲಸ ಅಡುಗೆಮನೆ ಬಲ್ಲವರಿಗೆ ಹೊಸದೇನಲ್ಲ. ಜವೆಗೋಧಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಬೇಕಾದಷ್ಟು ಹುರಿದರೆ ಅದು ಮಾಲ್ಟ್. ಎಷ್ಟು ಹುರಿದಿರಿ ಎಂಬುದರ ಮೇಲೆ ಬಣ್ಣ ಮತ್ತು ರುಚಿ. ಆ ಮಾಲ್ಟನ್ನು ಒಡೆದು, ಹದವಾದ ಬಿಸಿನೀರಿನಲ್ಲಿ ಒಂದು ಗಂಟೆ ನೆನೆಸಿಟ್ಟರೆ ಕಾಳಿನಲ್ಲಿದ್ದ ಪಿಷ್ಟ ಸಕ್ಕರೆಯಾಗುತ್ತದೆ. ಸೋಸಿ ತೆಗೆದ ಸಿಹಿ ನೀರಿಗೆ ವರ್ಟ್ ಎನ್ನುತ್ತಾರೆ. ಅದನ್ನು ಹಾಪ್ಸ್ ಎಂಬ ಕಹಿ ಹೂವಿನ ಜೊತೆ ಕುದಿಸಿ, ಆರಿಸಿ, ಯೀಸ್ಟ್ ಹಾಕಿ ಮುಚ್ಚಿಟ್ಟರೆ ಆಯಿತು. ಮುಂದಿನದು ಯೀಸ್ಟಿನ ಕೆಲಸ. ಸಕ್ಕರೆ ತಿಂದು ಅದು ಆಲ್ಕೋಹಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ.

ಹಳೆಯ ಫ್ಯಾಟ್ ಟೈರಿನ ಅಂಕಿಗಳು ಗೊತ್ತಿದ್ದವು. ಆಲ್ಕೋಹಾಲ್ ಶೇಕಡ 5.2, ಕಹಿಯ ಅಳತೆ 22. ಮನೆಯಲ್ಲಿ ಮಾಡುವವರ ವಲಯದಲ್ಲಿ ಹಲವಾರು ಪಾಕಗಳು ಕೈಯಿಂದ ಕೈಗೆ ಓಡಾಡುತ್ತವೆ. ಎಲ್ಲದರಲ್ಲೂ ಸಾಮಾನ್ಯವಾಗಿ ಇರುವುದು ಮೂರು: ಬ್ರೆಡ್ಡಿನ ಅಂಚಿನ ರುಚಿ ಕೊಡುವ ವಿಕ್ಟರಿಯಂಥ ಮಾಲ್ಟ್, ಮೈದುಂಬಿಸುವ ಮ್ಯೂನಿಕ್ ಮಾಲ್ಟ್, ಸುಟ್ಟ ಸಕ್ಕರೆಯ ಬಣ್ಣ ಕೊಡುವ ಕ್ರಿಸ್ಟಲ್ ಮಾಲ್ಟ್. ಪ್ರಶ್ನೆ ಇರುವುದು ಎಷ್ಟೆಷ್ಟು ಎಂಬಲ್ಲಿ.

ಮೊದಲ ಸಲ, 2023ರ ಡಿಸೆಂಬರಿನಲ್ಲಿ, ಕ್ರಿಸ್ಟಲ್ 450 ಗ್ರಾಂ ಹಾಕಿ 69 ಡಿಗ್ರಿಯಲ್ಲಿ ನೆನೆಸಿದೆ. ಬಣ್ಣ ಸರಿಯಾಗಿ ಬಂತು, ರುಚಿ ಬೆಲ್ಲದ ಪಾಕದ ಕಡೆಗೆ ವಾಲಿತು. ನೀರಿನ ಬಿಸಿ ಹೆಚ್ಚಾದಷ್ಟೂ ಯೀಸ್ಟ್ ತಿನ್ನಲಾಗದ ಸಕ್ಕರೆ ಉಳಿಯುತ್ತದೆ. ಎರಡನೆಯ ಸಲ ಫೆಬ್ರವರಿಯಲ್ಲಿ ಅದೇ ಕ್ರಿಸ್ಟಲನ್ನು 110 ಗ್ರಾಂಗೆ ಇಳಿಸಿ, 65 ಡಿಗ್ರಿಗೆ ತಂದೆ. ಅದು ತಿಳಿಯಾಗಿ, ಚುರುಕಾಗಿ, ಅಂಗಡಿಯಲ್ಲಿ ಆಗ ಸಿಗುತ್ತಿದ್ದ ಹೊಸದರ ದಾಯಾದಿಯಂತೆ ಬಂತು. ಇನ್ನೊಂದು ವಿಷಯ ಎತ್ತರದ್ದು. ಫೋರ್ಟ್ ಕಾಲಿನ್ಸ್ ಇರುವುದು ಸಮುದ್ರಮಟ್ಟದಿಂದ ಸುಮಾರು 1,525 ಮೀಟರ್ ಮೇಲೆ. ಇಲ್ಲಿ ನೀರು 95 ಡಿಗ್ರಿಗೇ ಕುದಿಯುತ್ತದೆ. ಕುಕ್ಕರಿಲ್ಲದೆ ಬೇಳೆ ಬೇಯಿಸಲು ಹೋದವರಿಗೆ ಇದು ಬೇಗ ತಿಳಿಯುತ್ತದೆ. ಹಾಪ್ಸಿನ ಕಹಿಯೂ ಬೇಳೆಯ ಹಾಗೇ, ಬಿಸಿ ಕಡಿಮೆಯಾದರೆ ಬಿಟ್ಟುಕೊಳ್ಳುವುದು ನಿಧಾನ. ಹಾಗಾಗಿ ಸಮುದ್ರಮಟ್ಟದವರು ಬರೆದ ಪಾಕಕ್ಕಿಂತ ಇಲ್ಲಿ ಒಂದೆರಡು ಗ್ರಾಂ ಹೆಚ್ಚು ಹಾಕಬೇಕು.

ಮೂರನೆಯ ಪಾಕ ಸಿದ್ಧವಾಗುವ ಹೊತ್ತಿಗೆ ಅವ್ವ ಬಂದಳು.

ಅವಳಿಗೆ ಆರು ತಿಂಗಳ ವೀಸಾ. 2024ರ ಮೇ ತಿಂಗಳಲ್ಲಿ ಬಂದಿಳಿದಳು. ಬಿಯರ್ ಮಾಡುವುದನ್ನು ನವೆಂಬರಿನವರೆಗೆ ಮುಂದೂಡು ಎಂದು ಹೆಂಡತಿ ಹೇಳಿದಳು. ಯೋಚಿಸಿದೆ. ಅವ್ವನ ಕಣ್ಣು ತಪ್ಪಿಸಿ ಮಾಡುವುದೆಂದರೆ ಅದೇ ಬೇಲಿಯ ಹಿಂದಿನ ಕುಡಿತ. ಜೂನಿನ ಒಂದು ಶನಿವಾರ ಅವಳ ಎದುರಿಗೇ ಒಲೆ ಹಚ್ಚಿದೆ.

ಸಾದಾ ಮಾಲ್ಟ್ 3.8 ಕೆ.ಜಿ., ಮ್ಯೂನಿಕ್ 450 ಗ್ರಾಂ, ವಿಕ್ಟರಿ 300 ಗ್ರಾಂ, ಕ್ರಿಸ್ಟಲ್ 225 ಗ್ರಾಂ. 67 ಡಿಗ್ರಿ. ಕಾಳು ನೆಂದು ಆವಿ ಏಳತೊಡಗಿದಾಗ ಅವ್ವ ಹತ್ತಿರ ಬಂದು ಮೂಗರಳಿಸಿದಳು. “ಹುರಿಹಿಟ್ಟಿನ ವಾಸ್ನೆ” ಎಂದಳು. ಮೊಳಕೆ ಕಟ್ಟಿದ ಜವೆಗೋಧಿ ಎಂದು ಹೇಳಿದೆ. ಅವಳಿಗೆ ವಿವರಿಸಬೇಕಾದ್ದೇನೂ ಇರಲಿಲ್ಲ. ರಾಗಿಯನ್ನು ಮೊಳಕೆ ಬರಿಸಿ, ಒಣಗಿಸಿ, ಹುರಿದು, ಬೀಸಿ ನನಗೂ ನನ್ನ ಮಗಳಿಗೂ ಸರಿ ಮಾಡಿ ತಿನ್ನಿಸಿದವಳು ಅವಳು. ಸೋಸಿದ ವರ್ಟನ್ನು ಒಂದು ಚಮಚದಲ್ಲಿ ಕೊಟ್ಟು, ಇದರಲ್ಲಿ ಇನ್ನೂ ಅಮಲಿನದೇನೂ ಇಲ್ಲ ಎಂದೆ. ನಾಲಿಗೆಗೆ ಹಚ್ಚಿಕೊಂಡಳು.

“ಸರಿ ಇದ್ದಂಗೇ ಐತಲ್ಲೋ. ಇಷ್ಟಕ್ಕೇ ನಿಲ್ಸಿದ್ರೆ ಆಗಕಿಲ್ವಾ?”

ನನ್ನ ಹತ್ತಿರ ಉತ್ತರವಿರಲಿಲ್ಲ. ಹಾಪ್ಸ್ ಅಳೆದೆ. ನಗೆಟ್ 14 ಗ್ರಾಂ ಕುದಿಯ ಶುರುವಿಗೆ, ಗೋಲ್ಡಿಂಗ್ಸ್ 15 ಗ್ರಾಂ ಕೊನೆಯ ಕಾಲು ಗಂಟೆಗೆ. ಉಳಿದ ಹಿಂಡಿಯನ್ನು ಬಕೆಟ್ಟಿಗೆ ತುಂಬುವಾಗ ಅವ್ವ, “ಊರಲ್ಲಾಗಿದ್ರೆ ಹಸ ತಿಂತಿತ್ತು” ಎಂದು ಪೇಚಾಡಿದಳು. ಇಲ್ಲಿಯೂ ಬಿಯರ್ ಮಾಡುವವರು ಹಿಂಡಿಯನ್ನು ದನಗಳಿಗೇ ಕೊಡುತ್ತಾರೆ ಎಂದೆ. ಅದೊಂದು ಮಾತು ಅವಳಿಗೆ ಸಮಾಧಾನ ತಂದಂತೆ ಕಂಡಿತು.

ನೆಲಮಾಳಿಗೆಯಲ್ಲಿಟ್ಟ ಪಾತ್ರೆ ಮರುದಿನವೇ ಉಸಿರಾಡತೊಡಗಿತು. ಒಳಗಿನ ಗಾಳಿ ಹೊರಹೋಗಲು ಮುಚ್ಚಳದ ಮೇಲೆ ನೀರು ತುಂಬಿದ ಸಣ್ಣ ಕೊಳವೆ ಇರುತ್ತದೆ, ಅದು ಗುಳುಗುಳು ಎನ್ನುತ್ತದೆ. ಅವ್ವನ ಕೋಣೆ ಅದರ ನೇರ ಮೇಲೆ. “ರಾತ್ರಿಯೆಲ್ಲಾ ಮಾತಾಡ್ತದೆ ಕಣಪ್ಪ ಅದು” ಎಂದಳು ಬೆಳಿಗ್ಗೆ. ನಿದ್ದೆ ಮಾಡಿದ ಮುಖವಾಗಿರಲಿಲ್ಲ. ಪಾತ್ರೆಯನ್ನು ಆ ದಿನವೇ ಇನ್ನೊಂದು ಮೂಲೆಗೆ ಎತ್ತಿಟ್ಟೆ.

ಎರಡು ವಾರದ ನಂತರ ಸಾಂದ್ರತೆ ಅಳೆದೆ. ಶುರುವಿನಲ್ಲಿ 1.050 ಇದ್ದದ್ದು 1.010ಕ್ಕೆ ಇಳಿದಿತ್ತು. ಲೆಕ್ಕ ಹಾಕಿದರೆ ಶೇಕಡ 5.2. ಅಳತೆಗೆ ಸಕ್ಕರೆ ಬೆರೆಸಿ ಬಾಟಲಿಗಳಿಗೆ ತುಂಬಿ ಬಿರಡೆ ಒತ್ತಿದೆ. ನಾನು ಎಣಿಸುವ ಮೊದಲೇ ಮೆಟ್ಟಿಲ ಮೇಲೆ ಕೂತಿದ್ದ ಅವ್ವ ಎಣಿಸಿ ಮುಗಿಸಿದ್ದಳು.

“ನಲವತ್ತೆಂಟು. ಅಷ್ಟೂ ಯಾರ್ಲಾ ಕುಡಿಯೋರು?”

ನನಗೆ ವಾರಕ್ಕೊಂದು, ಪಕ್ಕದ ಮನೆಯವರಿಗೆ ಆರು, ಲ್ಯಾಬಿನ ಹಳೆಯ ಗೆಳೆಯನಿಗೆ ಹನ್ನೆರಡು, ಆಫೀಸಿನವರಿಗೆ ಇಷ್ಟು ಎಂದು ಬಾಯಲ್ಲೇ ಹಂಚಿದೆ. ಅವಳು ಕೇಳಿಸಿಕೊಂಡಳು. ಇಂಥ ಹಂಚಿಕೆಯ ಮಾತುಗಳನ್ನು ಅವಳು ಬೇಕಾದಷ್ಟು ಕೇಳಿದ್ದಳು. ಸಂಬಳದ ದಿನ ಅಪ್ಪನೂ ಹೀಗೇ ಹಂಚುತ್ತಿದ್ದರು: ಅಂಗಡಿ ಬಾಕಿ ಇಷ್ಟು, ಸ್ಕೂಲ್ ಫೀಸು ಇಷ್ಟು, ನಿನ್ನ ಕೈಗೆ ಇಷ್ಟು.

ಕೆಲವು ದಿನಗಳಾದ ಮೇಲೆ ರಾತ್ರಿ ಊಟವಾದ ಬಳಿಕ ಅವ್ವ ಕೆಳಗಿಳಿದು ಹೋಗುವುದು ಗಮನಕ್ಕೆ ಬಂತು. ಎರಡು ನಿಮಿಷ ಇದ್ದು ಬರುತ್ತಿದ್ದಳು. ಎಣಿಸುತ್ತಿದ್ದಳು. ನಮ್ಮೂರಲ್ಲಿ ಅಪ್ಪನ ಅಂಗಿಯ ಜೇಬನ್ನು ರಾತ್ರಿ ಹೀಗೇ ನೋಡುತ್ತಿದ್ದಳು, ಎಷ್ಟು ಉಳಿದಿದೆ ಎಂದು. ನಾನು ಏನೂ ಕೇಳಲಿಲ್ಲ. ಬಿಯರಿನ ಪಾಕ ಬರೆದಿಡುವ ನನ್ನ ನೋಟ್‌ಬುಕ್ ಇಂಗ್ಲಿಷಿನಲ್ಲಿತ್ತು. ಹೊಸದೊಂದು ತಂದು ಎಲ್ಲವನ್ನೂ ಕನ್ನಡದಲ್ಲಿ ಬರೆದೆ. ಮೊದಲ ಪುಟದಲ್ಲಿ ಪಾಕ, ಎರಡನೆಯ ಪುಟದಿಂದ ಲೆಕ್ಕ: ತಾರೀಖು, ಯಾರಿಗೆ, ಎಷ್ಟು, ಉಳಿದದ್ದು. ಪೆನ್ನು ಕಟ್ಟಿ ಬಾಟಲಿಗಳ ಪಕ್ಕದ ಮೊಳೆಗೆ ತೂಗುಹಾಕಿದೆ. ಅವ್ವ ಏಳನೇ ತರಗತಿಯವರೆಗೆ ಓದಿದವಳು.

ರುಚಿ ಸರಿಯಾಗಿದೆಯೇ ಎಂದು ಹೇಳಬೇಕಾದವನು ವಯೋಮಿಂಗಿನ ಗೆಳೆಯ. ಅವನ ಗ್ಯಾರೇಜಿನಲ್ಲಿ 2022ರದೊಂದು ಹಳೆಯ ಬಾಟಲಿ ಉಳಿದಿತ್ತು. ಮೂಲ ಸಿಕ್ಕಿತು, ಹೋಲಿಸಿ ನೋಡೋಣ ಎಂದು ಆಗಸ್ಟಿನ ಒಂದು ಶುಕ್ರವಾರ ತಂದ. ಸಾಮಾನ್ಯವಾಗಿ ಮೂರು ಗ್ಲಾಸಿಟ್ಟು, ಎರಡರಲ್ಲಿ ಒಂದೇ ಬಿಯರು, ಒಂದರಲ್ಲಿ ಬೇರೆಯದು ಸುರಿದು, ಬೇರೆಯದು ಯಾವುದು ಹೇಳು ಎನ್ನುತ್ತಾರೆ. ಅಷ್ಟು ಕಷ್ಟಪಡಬೇಕಾಗಲಿಲ್ಲ. ಎರಡು ವರ್ಷ ಶೆಕೆ ಚಳಿ ಉಂಡ ಬಾಟಲಿಯಿಂದ ಒದ್ದೆ ರಟ್ಟಿನ ವಾಸನೆ ಬಂತು. ಆಮ್ಲಜನಕ ತಾಗಿ ಹಳತಾದ ಬಿಯರು ಹಾಗೇ ಆಗುತ್ತದೆ. ಮೂಲವೇ ಮೂಲದ ಹಾಗಿರಲಿಲ್ಲ. ಅಂಕಿಗಳನ್ನು ಅಳೆಯಲು ಉಪಕರಣಗಳಿವೆ, ಬಣ್ಣಕ್ಕೆ ಹಳೆಯ ಫೋಟೋಗಳಿವೆ. ರುಚಿಗೆ ನಮ್ಮಿಬ್ಬರ ನೆನಪಲ್ಲದೆ ಬೇರೆ ಸಾಕ್ಷಿ ಉಳಿದಿರಲಿಲ್ಲ. ಅವನು ನನ್ನದನ್ನು ಬೆಳಕಿಗೆ ಹಿಡಿದು, ಮೂಸಿ, ಒಂದು ಗುಟುಕು ಕುಡಿದು, ರಸ್ಕಿನ ಭಾಗ ಸರಿಯಿದೆ, ಕೊನೆಯ ಕಹಿ ತುಸು ಮುಂದೆ ಬರುತ್ತದೆ, ಆದರೆ ಕಣ್ಣುಮುಚ್ಚಿ ಕೊಟ್ಟಿದ್ದರೆ ತಾನು ಪ್ರಶ್ನೆ ಕೇಳುತ್ತಿರಲಿಲ್ಲ ಎಂದ. ನನಗೂ ಹಾಗೇ ಅನ್ನಿಸಿತ್ತು.

ಆಮೇಲೆ ನಾವು ಬಿಯರಿನ ಮಾತು ಬಿಟ್ಟು, ಅವನ ಮಗನ ಕಾಲೇಜು, ಗೈಡ್ ನಿವೃತ್ತರಾದದ್ದು, ಬೆಟ್ಟದ ಕಾಡ್ಗಿಚ್ಚು ಎಂದು ಹರಟಿದೆವು. ಅವ್ವ ಅಡುಗೆಮನೆಯ ಕಟ್ಟೆಯ ಹತ್ತಿರ ಅವರೆಕಾಳಿನ ಚೀಲ ಬಿಚ್ಚಿಕೊಂಡು ಆರಿಸುತ್ತ ಕೂತಿದ್ದಳು. ಆರಿಸುವಷ್ಟು ಕಲ್ಲು ಇಲ್ಲಿನ ಕಾಳಿನಲ್ಲಿ ಇರುವುದಿಲ್ಲ. ಗಂಟೆ ಒಂಬತ್ತಾಯಿತು. ಗೆಳೆಯ ಗ್ಲಾಸನ್ನು ಸಿಂಕಿನಲ್ಲಿಟ್ಟು, ಅವ್ವನಿಗೆ ಕೈಮುಗಿದು ಹೊರಟ. ಅವನ ಕಾರಿನ ದೀಪ ತಿರುವಿನಲ್ಲಿ ಮರೆಯಾಗುವವರೆಗೂ ಅವ್ವ ಕಿಟಕಿಯಲ್ಲಿ ನೋಡುತ್ತಿದ್ದಳು.

“ಹೋದ್ನಾ?”

“ಹೋದ ಕಣವ್ವ.”

“ಅಷ್ಟೇನಾ?”

“ಅಷ್ಟೇ.”

ಅವಳು ಕಾಳನ್ನು ಡಬ್ಬಿಗೆ ಸುರಿದಳು. ಆ ರಾತ್ರಿಯೂ ಕೆಳಗೆ ಹೋದಳು. ಬೆಳಿಗ್ಗೆ ನಾನು ನೋಡಿದಾಗ ನನ್ನ ಸಾಲಿನ ಕೆಳಗೆ, ನಾನು ಬರೆದಿದ್ದ ‘ಉಳಿದದ್ದು 29’ರ ಪಕ್ಕದಲ್ಲಿ, ಪೆನ್ನಿನಲ್ಲಿ ಒತ್ತಿ ಬರೆದ ಎರಡು ಪದಗಳಿದ್ದವು: ‘ಸರಿ ಐತೆ’.

ಅವ್ವ ಬಿಯರನ್ನು ಒಪ್ಪಿದಳು ಎಂದು ಹೇಳಲಾರೆ. ಸಾರಾಯಿಗೂ ಇದಕ್ಕೂ ಇರುವ ವ್ಯತ್ಯಾಸವನ್ನು ನಾನು ಒಮ್ಮೆ ಹೇಳಲು ಹೋದಾಗ, “ಹೆಸರು ಯಾವ್ದಾದ್ರೇನು, ಮನೆಗೆ ಬರೋ ಹೊತ್ತಿಗೆ ಮನುಷ್ಯ ಮನುಷ್ಯನಾಗಿ ಬರ್ಬೇಕು” ಎಂದು ಮಾತು ಮುಗಿಸಿದ್ದಳು. ನನ್ನ ಪಾಕಕ್ಕೆ ಅದಕ್ಕಿಂತ ಖಚಿತವಾದ ಅಳತೆ ಬೇಡ. ಕ್ರಿಸ್ಟಲ್ 225 ಗ್ರಾಮೇ ಇರಲಿ, ಗೋಲ್ಡಿಂಗ್ಸ್ ಮಾತ್ರ ಮುಂದಿನ ಸಲ 12 ಗ್ರಾಂಗೆ ಇಳಿಸಬೇಕು ಎಂದು ಬರೆದಿಟ್ಟುಕೊಂಡಿದ್ದೇನೆ.

ನವೆಂಬರಿನಲ್ಲಿ ಅವ್ವ ಊರಿಗೆ ಹೋದಳು. ಭಾನುವಾರದ ಫೋನಿನಲ್ಲಿ ಈಗ ಮಳೆ, ಬೆಳೆ, ಮಗಳ ಓದು ಎಲ್ಲ ಕೇಳಿದ ಮೇಲೆ ಇನ್ನೊಂದು ಪ್ರಶ್ನೆ ಸೇರಿಕೊಂಡಿದೆ: “ಎಷ್ಟೈತೆ?” ನಾನು ಫೋನು ಹಿಡಿದುಕೊಂಡೇ ಕೆಳಗಿಳಿದು, ಎಣಿಸಿ ಹೇಳುತ್ತೇನೆ. ಅಂದಾಜಿನ ಮೇಲೆ ಹೇಳುವುದಿಲ್ಲ.